ಮೂರು ಮನೆ ಕೆಳಗೆ

ಹಾರ್ನ್ ಪ್ರೇಮ್ ಎಂದರೆ ಒಂದು ಕಾಲಕ್ಕೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ಕಿವಿ ಇದ್ದವರಿಗೆಲ್ಲ ಗೊತ್ತಿತ್ತು. ಗೊತ್ತಾಗುವುದು ಬೇಡ ಎಂದವರಿಗೂ ಗೊತ್ತಿತ್ತು, ಯಾಕೆಂದರೆ ಆ ಕೂಗು ಮುಚ್ಚಿದ ಕಿಟಕಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಹೊರಮಾವಿನ ದೊಡ್ಡಮುನಿಯಪ್ಪನವರ ಮಗ ಪ್ರೇಮ್‌ಕುಮಾರ್, ‘ಡೀಸೆಲ್ ಶೆಡ್’ ಎಂಬ ರಾಕ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಗಂಟಲು ಹರಿದುಕೊಂಡವನು, ಈಗ ಐವತ್ತೇಳನೆಯ ವಯಸ್ಸಿನಲ್ಲಿ ಬ್ಯಾಂಡ್ ಬಿಟ್ಟು ತನ್ನೊಬ್ಬನ ಹೆಸರಿನಲ್ಲಿ ಆಲ್ಬಂ ಮಾಡಲು ಹೊರಟಿದ್ದ. ಎಂಟು ಹಾಡು. ಏಳು ಹೇಗೋ ಮುಗಿದಿದ್ದವು. ಎಂಟನೆಯದರ ಕೊನೆಯಲ್ಲಿ ಆ ಕೂಗು ಇತ್ತು, ಮತ್ತು ಅದು ಬರುತ್ತಿರಲಿಲ್ಲ.

ಮೊದಲ ದಿನ ಮೈಕ್ ಸರಿಯಿಲ್ಲ ಎಂದ. ಮಾರನೆಯ ದಿನ ಎ.ಸಿ. ಗಂಟಲು ಒಣಗಿಸುತ್ತಿದೆ ಎಂದ. ಆಮೇಲೆ ವಿಮಾನಪುರದ ಕಡೆಯಿಂದ ಹಾರಿದ ಯುದ್ಧವಿಮಾನಕ್ಕೆ ಶಾಪ ಹಾಕಿದ. ಅದರ ಸದ್ದು ಜೀವನ್ ಬಿಮಾ ನಗರದ ಆ ನೆಲಮಾಳಿಗೆಯ ಸ್ಟುಡಿಯೋದೊಳಗೆ ಸೊಳ್ಳೆಯಷ್ಟೂ ಕೇಳುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಪ್ರೇಮ್ ಆಕಾಶವನ್ನೂ ಬಿಡಲಿಲ್ಲ. ತಾಯಿ ಆಂಜನಮ್ಮ ಮುನೇಶ್ವರನ ಗುಡಿಯಿಂದ ಮಂತ್ರಿಸಿ ತಂದ ನಿಂಬೆಹಣ್ಣು ಮೈಕಿನ ಕಂಬಕ್ಕೆ ನೇತುಬಿದ್ದು, ದಿನದಿಂದ ದಿನಕ್ಕೆ ಬಾಡುತ್ತ, ಎಲ್ಲವನ್ನೂ ನೋಡುತ್ತಿತ್ತು.

ಹೊರಗೆ ಸಿಟ್ಟು, ಒಳಗೆ ಭಯ. ಗಂಡಸರಲ್ಲಿ ಇದೇನೂ ಹೊಸದಲ್ಲ. ಆದರೆ ಪ್ರೇಮನ ಭಯಕ್ಕೆ ಕಾರಣವಿತ್ತು. ಹೊಟ್ಟೆ ಬಟ್ಟೆಗೆ ಅವನಿಗೆ ಎಂದೂ ಕೊರತೆಯಾದದ್ದಿಲ್ಲ. ಅಪ್ಪ ರಾಗಿ ಬೆಳೆದ ಹೊಲದ ಮೇಲೆ ಅಪಾರ್ಟ್‌ಮೆಂಟ್ ಎದ್ದು ಬಾಡಿಗೆ ತಾನಾಗಿ ಬರುತ್ತಿತ್ತು. ಹೊಲ ಅಪ್ಪನದು, ಮನೆ ಅಪ್ಪನದು, ಊರಿನವರು ಕೊಡುವ ಮರ್ಯಾದೆಯೂ ಅಪ್ಪನದೇ. ಇವನು ತನ್ನದು ಎಂದು ಎದೆ ಮುಟ್ಟಿ ಹೇಳಬಹುದಾಗಿದ್ದದ್ದು ಆ ಕೂಗು ಒಂದನ್ನೇ. ಅದೂ ಹೋಯಿತೆಂದರೆ ಉಳಿಯುವುದು ಬಾಡಿಗೆ ವಸೂಲಿ ಮಾಡುವ ಒಬ್ಬ ದಪ್ಪ ಮುದುಕ.

ಆ ಕೂಗು ಹುಟ್ಟಿದ್ದು ಕೆ.ಆರ್. ಪುರದಲ್ಲಿ, ಡೀಸೆಲ್ ರೈಲು ಎಂಜಿನ್‌ಗಳ ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ. ಬೇರೆಲ್ಲಿ ಡ್ರಮ್ ಬಾರಿಸಿದರೂ ಅಕ್ಕಪಕ್ಕದವರು ಪೊಲೀಸರನ್ನು ಕರೆಯುತ್ತಿದ್ದರು. ಅಲ್ಲಿ ಮಾತ್ರ ಎಂಜಿನ್ ಗದ್ದಲದ ನಡುವೆ ಇವರ ಗದ್ದಲ ಯಾರಿಗೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಡಿನ ನಡುವೆ ಎಂಜಿನ್ನೊಂದು ಹಾರ್ನ್ ಹೊಡೆಯಿತು. ಇಪ್ಪತ್ತೇಳರ ಪ್ರೇಮ್ ಸೊಕ್ಕಿಗೆ ಬಿದ್ದು ಅದೇ ಸ್ವರವನ್ನು ಹಿಡಿದು, ಹಾರ್ನ್ ನಿಂತ ಮೇಲೂ ನಿಲ್ಲಿಸದೆ ಕೂಗಿದ. ಗಿಟಾರ್ ನುಡಿಸುತ್ತಿದ್ದ ಜಾಫರ್ ಬೆರಳು ಎತ್ತಿ ಅವನನ್ನೇ ನೋಡುತ್ತ ನಿಂತುಬಿಟ್ಟಿದ್ದ. ಬ್ಯಾಂಡಿಗೂ ಹೆಸರು ಸಿಕ್ಕಿತು, ಪ್ರೇಮನಿಗೂ ಸಿಕ್ಕಿತು.

ಅದೇ ಜಾಫರನ ಜೊತೆ ಜಗಳವಾಡಿ ಅವನು ಬ್ಯಾಂಡ್ ಬಿಟ್ಟದ್ದು. ಹಲಸೂರಿನ ರಿಹರ್ಸಲ್ ಕೋಣೆಯಲ್ಲಿ, ಎಲ್ಲರ ಎದುರಿಗೆ, “ನಿನ್ ಗಿಟಾರ್ ಸತ್ತೋಗಿದೆ ಜಾಫರ್. ತಂತಿನಾ ಅದು? ಒದ್ದೆ ಹಗ್ಗ. ವರ್ಷದಿಂದ ವರ್ಷಕ್ಕೆ ಮಂಕಾಗ್ತಾ ಇದೆ. ವಯಸ್ಸಾಯ್ತು ನಿಂಗೆ, ಅಂಗಡೀಲಿ ಸೀಟ್ ಕವರ್ ಹೊಲ್ಕೊಂಡ್ ಬಿದ್ದಿರು” ಎಂದಿದ್ದ. ಡ್ರಮ್ಮಿನ ಶ್ರೀನಿವಾಸ್ ಏನೋ ಹೇಳಲು ಬಾಯಿ ತೆರೆದಾಗ ಜಾಫರ್ ಕಣ್ಣಲ್ಲೇ ಬೇಡವೆಂದ. ಒಂದೇ ಒಂದು ಮಾತು ಆಡದೆ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರೇಮ್ ಅಷ್ಟಕ್ಕೇ ಸುಮ್ಮನಾಗದೆ ಪತ್ರಿಕೆಯವರನ್ನು ಕರೆದು, ಮೊದಲ ಕ್ಯಾಸೆಟ್ಟು ಯಾವ ಶ್ರುತಿಯಲ್ಲಿತ್ತೋ ಅದೇ ಶ್ರುತಿಯಲ್ಲಿ ಹಾಡುತ್ತೇನೆ, ಕೂದಲೆಳೆಯಷ್ಟೂ ಇಳಿಸುವುದಿಲ್ಲ ಎಂದು ಫೋಟೋ ಬೇರೆ ಹಾಕಿಸಿಕೊಂಡಿದ್ದ.

ಈಗ ಆ ಶ್ರುತಿ ಹೆಡ್‌ಫೋನಿನಲ್ಲಿ ಮೊಳಗುತ್ತಿತ್ತು. ಬಾಡಿಗೆಗೆ ಕರೆಸಿದ್ದ ಗಿಟಾರಿನವನು ತನ್ನ ಪಾಲಿನದನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನುಡಿಸಿ ಹೋಗಿ ವಾರವಾಗಿತ್ತು. ಪ್ರೇಮ್ ಕಣ್ಣು ಮುಚ್ಚಿ, ಹೊಟ್ಟೆ ಬಿಗಿಹಿಡಿದು, ಕೂಗಿದ. ಸ್ವರ ಏರಿತು, ಇನ್ನೇನು ಮುಟ್ಟಿತು ಎನ್ನುವಲ್ಲಿ ಹರಿದ ಬಟ್ಟೆಯ ಹಾಗೆ ಪರ್ ಎಂದು ಸೀಳಿತು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಸುಪ್ರೀತಾ ತಲೆ ತಗ್ಗಿಸಿದಳು. ಅದನ್ನು ಕಂಡು ಅವನು ಹೆಡ್‌ಫೋನ್ ಕಳಚಿ ಅವಳ ಕೋಣೆಗೆ ಬಂದ.

“ಸರ್, ಒಂದ್ ಮಾತ್ ಹೇಳ್ಲಿ? ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದಳು ಸುಪ್ರೀತಾ. ಧಾರವಾಡದ ಕಡೆಯ ಹುಡುಗಿ. ತಂದೆ ಚಂದ್ರಶೇಖರಯ್ಯನವರು ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು. “ಸ್ವಲ್ಪ ಶ್ರುತಿ ಇಳಿಸಿದ್ರ ಆರಾಮ ಬರ್ತೈತ್ರಿ.”

“ಇಳಿಸೋದಾ? ಹೋದ ಡಿಸೆಂಬರ್‌ನಲ್ಲಿ ವೈಟ್‌ಫೀಲ್ಡ್ ಶೋನಲ್ಲಿ ಇದೇ ಕೂಗು ಹಾಕಿದೀನಿ ಕಣಮ್ಮಾ! ಜನ ಎದ್ದು ನಿಂತ್ಬಿಟ್ರು. ನೋಡು ಬೇಕಾದ್ರೆ.”

ಫೋನಿನಲ್ಲಿ ವಿಡಿಯೋ ಹಾಕಿ ಅವಳ ಮುಂದೆ ಹಿಡಿದ. ವೇದಿಕೆ, ಹೊಗೆ, ಕಪ್ಪು ಟವಲು ಸುತ್ತಿಕೊಂಡ ಪ್ರೇಮ್, ಕೊನೆಯಲ್ಲಿ ಕೂಗು. ಎಂಥ ಕೂಗು! ಅವನಿಗೇ ಹಾಯೆನಿಸಿತು. ಸುಪ್ರೀತಾ ಕೀಬೋರ್ಡಿನಲ್ಲಿ ಒಂದು ಸ್ವರ ಒತ್ತಿದಳು. ಆಮೇಲೆ ಹಳೆಯ ಕ್ಯಾಸೆಟ್ಟಿನ ಪ್ರತಿಯನ್ನು ಕೇಳಿಸಿ ಇನ್ನೊಂದು ಸ್ವರ ಒತ್ತಿದಳು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು.

“ಸರ್, ಇವೆರಡೂ ಒಂದ ಅಲ್ರಿ. ಕ್ಯಾಸೆಟ್ಟಿನ್ಯಾಗ ನೀವು ಈ ಮನಿ ಮ್ಯಾಲ ಅದೀರಿ. ಡಿಸೆಂಬರ್‌ದಾಗ ಇಲ್ಲಿ.” ಹಾರ್ಮೋನಿಯಂ ನುಡಿಸುವವರು ಒಂದೊಂದು ಕೀಲಿಗೂ ಮನೆ ಎನ್ನುತ್ತಾರೆ. ಅವಳ ಬೆರಳು ಕರಿ ಬಿಳಿ ಸೇರಿಸಿ ಮೂರು ಮನೆ ಕೆಳಕ್ಕೆ ಸರಿದು ನಿಂತಿತ್ತು. “ನೀವೊಬ್ರ ಅಲ್ರಿ. ಗಿಟಾರ್, ಬೇಸ್, ಎಲ್ಲಾನೂ ಮೂರು ಮನಿ ಕೆಳಗ ಐತಿ. ಬೇಕಂತ ಇಳಿಸ್ಯಾರ.”

“ಫೋನ್ ರೆಕಾರ್ಡಿಂಗು. ಸ್ಪೀಡ್ ಹೆಚ್ಚುಕಮ್ಮಿ ಆಗಿರುತ್ತೆ” ಎಂದ ಪ್ರೇಮ್. ಸುಪ್ರೀತಾ ವಾದಿಸಲಿಲ್ಲ. ವಾದಿಸಿದ್ದರೆ ಎಷ್ಟೋ ವಾಸಿಯಿತ್ತು, ಜಗಳವಾಡಿಯಾದರೂ ಧೈರ್ಯ ತಂದುಕೊಳ್ಳುತ್ತಿದ್ದ.

ಮನೆಗೆ ಬಂದವನು ಮಾತು ಬಿಟ್ಟ. ಆಡಿದ ಒಂದೊಂದು ಮಾತಿಗೂ ಗಂಟಲಿನ ಗಡಿಗೆಯಿಂದ ಒಂದೊಂದು ಲೋಟ ಖಾಲಿಯಾಗುತ್ತಿದೆ ಎಂಬ ಹೆದರಿಕೆ ಅವನಿಗೆ. ಹೆಂಡತಿ ಸುಕನ್ಯ ಊಟಕ್ಕೆ ಕರೆದರೆ ಕೈಸನ್ನೆ, ಬಾಡಿಗೆಯವರು ನೀರು ಬರುತ್ತಿಲ್ಲ ಎಂದರೆ ಕೈಸನ್ನೆ. ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಮೆಲ್ಲಗೆ ಸ್ವರ ಏರಿಸಿ ನೋಡುವನು, ಬಿರುಕು ಕಂಡ ಕೂಡಲೇ ಬಾಯಿ ಮುಚ್ಚುವನು. ಗಂಟಲಿನ ಡಾಕ್ಟರನ್ನು ಹಿಂದಿನ ತಿಂಗಳೇ ಕಂಡಿದ್ದ. ಗಂಟಿಲ್ಲ, ಗಾಯವಿಲ್ಲ, ವಯಸ್ಸು ಅಷ್ಟೆ ಎಂದಿದ್ದರು. ರೋಗವಾದರೆ ಮದ್ದಿದೆ, ವಯಸ್ಸಿಗೆ ಏನಿದೆ?

“ಏನೋ ಮಗ, ಮಾತೇ ಆಡಲ್ಲ? ನಿಂಬೆಹಣ್ಣು ಬಿಸಾಕ್ಬಿಟ್ಯಾ?” ಎಂದಳು ಆಂಜನಮ್ಮ.

ಅವನು ಇಲ್ಲವೆಂದು ತಲೆಯಾಡಿಸಿದ.

“ಮತ್ಯಾಕ್ ಹಿಂಗ್ ಬಿಳುಚ್ಕೊಂಡಿದ್ದೀಯ? ಬೇತಾಳ ಕಂಡೋನಂಗೆ?”

ಅಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಅವನಿಗೆ ತನ್ನ ಗಂಟಲೇ ಬೇತಾಳವಾಗಿತ್ತು. ಎಂದಿನಿಂದ ಹೀಗಾಯಿತು ಎಂಬುದೇ ಗೊತ್ತಿಲ್ಲವಲ್ಲ ಎನ್ನುವುದು ಎಲ್ಲಕ್ಕಿಂತ ದೊಡ್ಡ ಹೆದರಿಕೆ. ಕಳ್ಳ ಮನೆಗೆ ನುಗ್ಗಿ ಎಷ್ಟು ವರ್ಷವಾಯಿತೋ, ಮನೆಯ ಯಜಮಾನ ಬಾಗಿಲಲ್ಲಿ ಕೂತು ಮೀಸೆ ತಿರುವುತ್ತಿದ್ದಾನೆ.

ಫೋನು ಸುಳ್ಳು ಹೇಳಬಹುದು, ಕೀಬೋರ್ಡು ಸುಳ್ಳು ಹೇಳಬಹುದು. ಎಂಜಿನ್ ಹೇಳುವುದಿಲ್ಲ. ಹಾಗೆಂದುಕೊಂಡು ಮರುದಿನ ಬೆಳಿಗ್ಗೆ ಪ್ರೇಮ್ ಕೆ.ಆರ್. ಪುರಕ್ಕೆ ಹೊರಟ. ತೂಗುಸೇತುವೆಯ ಕೆಳಗಿನ ಟ್ರಾಫಿಕ್ಕಿನಲ್ಲಿ ಬೆವರಿ, ಕಾರನ್ನು ಎಲ್ಲೋ ನಿಲ್ಲಿಸಿ, ಶೆಡ್ಡಿನ ಹಿಂದಿನ ಗಲ್ಲಿಗೆ ನಡೆದು ಬಂದ. ಅವರು ಹಾಡುತ್ತಿದ್ದ ಶೀಟಿನ ಮನೆ ಇದ್ದ ಜಾಗದಲ್ಲಿ ಈಗ ಪಿ.ಜಿ. ಕಟ್ಟಡ, ಮಹಡಿಯ ತುಂಬ ಒಣಗುವ ಟವಲುಗಳು. ಆದರೆ ಗೋಡೆಯಾಚೆ ಹಳಿಯಿತ್ತು, ಎಂಜಿನ್ ವಾಸನೆಯಿತ್ತು. ಗೋಡೆಗೆ ಬೆನ್ನು ಕೊಟ್ಟು ಕಾದ. ಎಂಜಿನ್ ಬರದಿದ್ದರೆ ಸಾಕಪ್ಪ ಎಂದೂ ಒಂದು ಮನಸ್ಸು ಮುನೇಶ್ವರನನ್ನು ಬೇಡುತ್ತಿತ್ತು.

ಬಂತು. ಗೋಡೆ ಅದುರಿತು, ಹಾರ್ನ್ ಹೊಡೆಯಿತು. ಪ್ರೇಮ್ ಬಾಯಿ ತೆರೆದು ಕೂಗಿದ.

ಮೂವತ್ತು ವರ್ಷದ ಹಿಂದೆ ಅವೆರಡೂ ಸೇರಿ ಒಂದೇ ಆಗಿದ್ದವು, ಯಾವುದು ಕಬ್ಬಿಣ ಯಾವುದು ಕಂಠ ಎಂದು ಹೇಳಲಾಗುತ್ತಿರಲಿಲ್ಲ. ಈಗ ಅವನ ಕೂಗು ಹಾರ್ನಿನ ಕೆಳಗೆ ಎಲ್ಲೋ ತೆವಳಿತು, ಏರಲು ಹೋಗಿ ಸೀಳಿತು, ಕೆಮ್ಮಾಗಿ ಮುಗಿಯಿತು. ಪಿ.ಜಿ.ಯ ಮಹಡಿಯಿಂದ ಯಾರೋ ಬಗ್ಗಿ, “ಅಂಕಲ್, ಆರ್ ಯೂ ಓಕೆ? ನೀರು ಬೇಕಾ?” ಎಂದರು. ಈಗಿನ ಎಂಜಿನ್ ಬೇರೆ, ಹಾರ್ನೂ ಬೇರೆ ಇರಬಹುದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಅದು ತನಗೆ ಬೇಕಾದ ಸುಳ್ಳು ಎಂದೂ ತಿಳಿದಿತ್ತು. ಮೂವತ್ತು ವರ್ಷ ಅವನ ಬ್ಯಾಂಡಿನಲ್ಲಿ ಎಲ್ಲರೂ ಶ್ರುತಿ ಕೂಡಿಸಿಕೊಳ್ಳುತ್ತಿದ್ದದ್ದು ಒಂದೇ ಒಂದು ಗಿಟಾರಿಗೆ. ತಂತಿ ಬಿಗಿಸಲು ಸಡಿಲಿಸಲು ಅದರ ಕಿವಿ ತಿರುವುತ್ತಿದ್ದವನು ಒಬ್ಬನೇ, ಜಾಫರ್.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಜಾಫರನ ಸೀಟ್ ಕವರ್ ಅಂಗಡಿ. ಗಲ್ಲಿಯ ತುದಿಯಲ್ಲಿ ಪ್ರೇಮ್ ಬಹಳ ಹೊತ್ತು ನಿಂತ. ಸಾವಿರಾರು ಜನರ ಮುಂದೆ ಅಂಜದೆ ನಿಂತ ಕಾಲುಗಳು ಈಗ ಮುಂದೆ ಹೋಗಲೊಲ್ಲವು. ಅವನು ಉಗಿದು ಕಳಿಸಿದರೆ? ಅದಕ್ಕಿಂತ ಹೆಚ್ಚಾಗಿ, ಅವನು ನಗುತ್ತ ಹೌದು ಎಂದುಬಿಟ್ಟರೆ?

ಜಾಫರ್ ಸ್ಕೂಟರಿನ ಸೀಟಿಗೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದ. ಕನ್ನಡಕದ ಮೇಲಿಂದ ನೋಡಿದ.

“ಕ್ಯಾ ಪ್ರೇಮ್, ದಾರಿ ತಪ್ಪಿತಾ?”

“ಮೂರು ಮನೆ ಕೆಳಗೆ ಇಳಿಸಿದ್ದೀಯಂತೆ” ಎಂದ ಪ್ರೇಮ್. ಬರುವ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಇದು.

ಜಾಫರ್ ಸುತ್ತಿಗೆ ಕೆಳಗಿಟ್ಟ. ಎದುರಿನ ಹೋಟೆಲಿಗೆ ಎರಡು ಚಹಾ ಎಂದು ಬೆರಳು ತೋರಿಸಿದ. “ಕೂತ್ಕೋ” ಎಂದ. ಪ್ರೇಮ್ ಹೊಸ ಸೀಟಿನ ಮೇಲೆಯೇ ಕೂತ.

“ಗೋವಾ ಶೋ ನೆನಪಿದ್ಯಾ? ಅವತ್ತು ಕೂಗು ಒಡೀತು. ನೀನು ಬಾತ್‌ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡೆ. ಎಷ್ಟು ಬಡಿದ್ರೂ ತೆಗೀಲಿಲ್ಲ. ನಾನು, ಶ್ರೀನಿವಾಸ್ ಬಾಗ್ಲು ಒಡೀಬೇಕಾ ಅಂತ ನಿಂತಿದ್ವಿ. ಯಾ ಅಲ್ಲಾ, ಏನ್ ಮಾಡ್ಕೊಂಡ್ನೋ ಅಂತ ಜೀವಾನೇ ಬಾಯಿಗ್ ಬಂದಿತ್ತು. ಆಮೇಲೆ ಊರಿಗ್ ಬಂದು ಒಂಚೂರು ಇಳಿಸ್ದೆ. ಮುಂದಿನ ವರ್ಷ ಇನ್ನೊಂಚೂರು. ನೀನು ಯಾವತ್ತೂ ಶ್ರುತಿ ಕೂಡಿಸೋ ಟೈಮಿಗೆ ಬರ್ತಿರ್ಲಿಲ್ಲ. ಸ್ಟಾರ್ ಅಲ್ವಾ, ಲಾಸ್ಟಿಗೆ ಬರೋನು. ಬೆನ್ನ ಹಿಂದೆ ಮಾಡೋದು ಸುಲಭ ಆಯ್ತು.”

“ಎಲ್ರಿಗೂ ಗೊತ್ತಿತ್ತಾ?”

“ನಿಂಗೊಬ್ಬನಿಗೆ ಬಿಟ್ಟು.”

ಚಹಾ ಬಂತು. ಪ್ರೇಮ್ ಲೋಟ ಹಿಡಿದ, ಕುಡಿಯಲಿಲ್ಲ. ತಂತಿ ಸಡಿಲವಾದ್ದರಿಂದಲೇ ಗಿಟಾರ್ ಮಂಕಾಗಿ ಕೇಳುತ್ತಿತ್ತು. ಯಾವ ಮಂಕಿಗಾಗಿ ಅವನನ್ನು ಹೀನಾಯವಾಗಿ ಬೈದನೋ ಆ ಮಂಕು ತನ್ನ ಮಾನ ಮುಚ್ಚಿದ ಬಟ್ಟೆಯಾಗಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು, ಕಣ್ಣೂ ತುಂಬಿತು.

“ಜಾಫರ್, ನಾನು ಅವತ್ತು ಅಂದಿದ್ದು...”

“ತಡಿ. ಅಳಬೇಡ, ಇನ್ನೂ ಮುಗಿದಿಲ್ಲ.” ಜಾಫರ್ ಎಡಗೈ ಮುಂದೆ ಚಾಚಿದ. ಉಂಗುರದ ಬೆರಳು, ಕಿರುಬೆರಳು ಗಿಣ್ಣಿನಲ್ಲಿ ಊದಿಕೊಂಡು ಸೊಟ್ಟಗಾಗಿದ್ದವು. ಅವನು ಮುಷ್ಟಿ ಮುಚ್ಚಲು ಹೋದ. ಆ ಎರಡು ಬೆರಳು ಅರ್ಧಕ್ಕೇ ನಿಂತವು. “ಇದು ಶುರುವಾಗಿ ಆರೇಳು ವರ್ಷ ಆಯ್ತು. ತಂತಿ ಬಿಗಿಯಾಗಿದ್ರೆ ಒತ್ತೋಕಾಗಲ್ಲ, ಕಣ್ಣಲ್ಲಿ ನೀರು ಬರುತ್ತೆ. ಸಡಿಲ ಮಾಡಿದ್ರೆ ನಡೀತಿತ್ತು. ಮೊದಲನೇ ಮನೆ ಇಳಿಸಿದ್ದು ನಿನಗೋಸ್ಕರ. ಆಮೇಲಿನ ಎರಡು ನನಗೋಸ್ಕರ. ಎಲ್ರಿಗೂ ಮಾತ್ರ ಪ್ರೇಮನ ಗಂಟಲಿಗೆ ಅಂತ ಹೇಳ್ದೆ.”

ಪ್ರೇಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಲೋಟ ಕೆಳಗಿಟ್ಟ.

“ಅಂದ್ರೆ... ನನಗೆ ಬರ್ತಿತ್ತು? ಆ ಎರಡು ಮನೆ ನನ್ನತ್ರ ಇನ್ನೂ ಇತ್ತು?”

“ಗೊತ್ತಿಲ್ಲ ಮಗಾ. ಇತ್ತೋ ಏನೋ. ಹತ್ತದೇ ಇದ್ರೆ ಮೆಟ್ಟಿಲು ಮರ್ತೋಗುತ್ತೆ ಅಂತಾರಲ್ಲ. ನಿನ್ನ ಕಂಠ ತಾನಾಗಿ ಇಳೀತೋ, ನಾನು ಇಳಿಸಿ ಇಳಿಸಿ ಕೂರಿಸಿಬಿಟ್ನೋ, ನಂಗೂ ಗೊತ್ತಿಲ್ಲ. ಆ ಹೆದರಿಕೇಲೇ ನಿದ್ದೆ ಮಾಡಿಲ್ಲ ನಾನು. ಅವತ್ತು ನೀನು ಬೈದಾಗ ಯಾಕೆ ಸುಮ್ನಿದ್ದೆ ಅಂದ್ಕೊಂಡೆ? ದೊಡ್ಡ ಮನುಷ್ಯ ಅಂತಾನಾ?”

ಗಲ್ಲಿಯಲ್ಲಿ ಆಟೋಗಳು ಬಡಿದಾಡುತ್ತಿದ್ದವು. ಪ್ರೇಮನಿಗೆ ಸುತ್ತಿಗೆ ಎತ್ತಿಕೊಂಡು ಎಲ್ಲವನ್ನೂ ಪುಡಿಮಾಡಬೇಕೆನಿಸಿತು. ಅದೇ ಕ್ಷಣಕ್ಕೆ, ಅರ್ಧಕ್ಕೆ ನಿಂತ ಆ ಎರಡು ಬೆರಳನ್ನು ಕಂಡು ತನ್ನ ಗಂಟಲಿಗಿಂತ ಹೆಚ್ಚು ಭಯವಾಯಿತು. ಮೂವತ್ತು ವರ್ಷ ಬಲಗಡೆ ನಿಂತವನ ಕೈಯನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ಭಯವಾಯಿತು. ತನ್ನ ಗಂಟಲಿನ ಚಿಂತೆಯಲ್ಲಿ ಇನ್ನೂ ಏನೇನು ನೋಡಿಲ್ಲವೋ. ಚಹಾ ಆರಿ ಕೆನೆಗಟ್ಟಿತು.

“ನಾಳೆ ಗಿಟಾರ್ ತಗೊಂಡು ಸ್ಟುಡಿಯೋಗೆ ಬಾ” ಎಂದ ಕೊನೆಗೆ.

“ಈ ಕೈ ಇಟ್ಕೊಂಡಾ?”

“ಈ ಗಂಟಲು ಇಟ್ಕೊಂಡು ನಾನ್ ಬರಲ್ವಾ?”

ಮರುದಿನ ಜಾಫರ್ ಬರುವ ಮೊದಲೇ ಪ್ರೇಮ್ ಬಂದು ಕೂತಿದ್ದ. ಅವನ ಜೀವಮಾನದಲ್ಲಿ ಅದೇ ಮೊದಲು. ಸುಪ್ರೀತಾ ಗಡಿಯಾರ ಕೆಟ್ಟಿದೆಯೇ ಎಂದು ಫೋನ್ ತೆಗೆದು ನೋಡಿದಳು. ಬಾಡಿಗೆ ಗಿಟಾರಿನವನು ನುಡಿಸಿದ್ದನ್ನು ಅಳಿಸಿಬಿಡು ಎಂದು ಅವಳಿಗೆ ಹೇಳಿದ. ಅಳಿಸಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ, ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡು ಆಡಿದ ಮಾತು ಇಡೀ ಊರಿನ ಮುಂದೆ ಸುಳ್ಳಾಗುತ್ತದೆ. ಕೂದಲೆಳೆಯಷ್ಟೂ ಇಳಿಸುವುದಿಲ್ಲ ಎಂದವನು ಎಷ್ಟು ಇಳಿಯುತ್ತಾನೆ ಎಂದು ಲೆಕ್ಕ ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಜಾಫರ್ ಸ್ಟೂಲಿನ ಮೇಲೆ ಕೂತು ಗಿಟಾರನ್ನು ತೊಡೆಗೇರಿಸಿಕೊಂಡ. ಅಭ್ಯಾಸಬಲದಿಂದ ಪ್ರೇಮನಿಗೆ ಬೆನ್ನು ತಿರುಗಿಸಿ ಗಿಟಾರಿನ ಕಿವಿ ಹಿಡಿದ. ಆಮೇಲೆ ನೆನಪಾಗಿ ಅವನ ಕಡೆಗೆ ತಿರುಗಿ ಕೂತ.

“ಮೂರಕ್ಕೇ ಇಡ್ಲಾ?”

ಹೌದು ಎಂದರೆ ಮುಗಿಯುತ್ತಿತ್ತು. ಡಿಸೆಂಬರಿನಲ್ಲಿ ಬಂದದ್ದು ಈಗಲೂ ಬರಬಹುದು, ಬಂದರೆ ಮಾನ ಉಳಿಯಬಹುದು. ಪ್ರೇಮ್ ಮೈಕಿನ ಮುಂದೆ ನಿಂತು ಬಾಡಿದ ನಿಂಬೆಹಣ್ಣನ್ನೊಮ್ಮೆ ನೋಡಿದ.

“ಬೇಡ. ನಾನು ಕೂಗ್ತೀನಿ. ಏನೂ ನುಡಿಸ್ಬೇಡ, ಸ್ವರ ಕೊಡ್ಬೇಡ. ಎಲ್ಲಿ ಒಡೀದೆ ನಿಲ್ತೀನೋ ಅಲ್ಲಿಗೆ ತಿರುಗಿಸು. ನನ್ನ ಮುಂದೇನೇ ತಿರುಗಿಸು.”

ಕಣ್ಣು ಮುಚ್ಚಲಿಲ್ಲ. ಮುಚ್ಚಿಕೊಂಡು ಕೂಗುವುದು ಅವನ ಹಳೆಯ ಚಾಳಿ, ಇವತ್ತು ಅದಕ್ಕೆ ಅವಕಾಶ ಕೊಡಬಾರದು ಎಂದುಕೊಂಡಿದ್ದ. ಉಸಿರು ತುಂಬಿ ಕೂಗಿದ. ಸ್ವರ ಏರಿತು, ನಡುಗಿತು, ಒಂದು ಕಡೆ ಕಾಲೂರಿ ನಿಂತಿತು. ಜಾಫರನ ಬಲಗೈ ತಂತಿ ಮೀಟಿತು, ಸೊಟ್ಟ ಬೆರಳಿನ ಎಡಗೈ ಕಿವಿಯನ್ನು ತಿರುಗಿಸಿತು. ತಂತಿ ಮಿಯ್ಯೆಂದು ಇಳಿಯಿತು. ಕೂಗು ಇನ್ನೂ ಕೆಳಗಿತ್ತು. ಮತ್ತೆ ತಿರುಗಿಸಿದ. ಇನ್ನೂ ಕೆಳಗೆ. ಪ್ರೇಮ್ ಆ ಕೈಯನ್ನೇ ನೋಡುತ್ತ, ಇನ್ನು ನಿಲ್ಲು, ಇನ್ನಾದರೂ ನಿಲ್ಲು ಎಂದು ಒಳಗೊಳಗೇ ಬೇಡಿಕೊಳ್ಳುತ್ತ, ಕೂಗು ಬಿಡದೆ ಹಿಡಿದಿದ್ದ. ಕೊನೆಗೆ ತಂತಿಯೂ ಕಂಠವೂ ಸೇರಿ ಒಂದಾದವು. ಜಾಫರನ ಕೈ ನಿಂತಿತು.

“ಸಿಕ್ತು” ಎಂದ ಜಾಫರ್, ಮೆಲ್ಲಗೆ.

ಪ್ರೇಮ್ ಗಾಜಿನಾಚೆ ನೋಡಿದ. ಸುಪ್ರೀತಾಳ ಕಣ್ಣು ಪರದೆಯ ಮೇಲಿತ್ತು. ಅವಳ ಮುಖದಿಂದಲೇ ಅದು ಮೂರಲ್ಲ ಎಂದು ತಿಳಿಯುತ್ತಿತ್ತು. ಅವಳು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಹಾಗೆಯೇ ನಡೆದಿತ್ತು.

“ಎಷ್ಟಮ್ಮಾ? ಜೋರಾಗ್ ಹೇಳು, ಇವನಿಗೂ ಕೇಳ್ಲಿ.”

“ಐದು ಮನಿ ಕೆಳಗ ಐತ್ರಿ, ಸರ್.”

ಐದು. ಜಾಫರ್ ತಲೆ ಎತ್ತಲಿಲ್ಲ. ಪ್ರೇಮನಿಗೆ ಭಯವೇನೂ ಹೋಗಲಿಲ್ಲ. ಬರುವ ವರ್ಷ ಆರಾಗಬಹುದು, ಆ ಬೆರಳು ಪೂರ್ತಿ ನಿಲ್ಲಬಹುದು. ಅವನು ಹೆಡ್‌ಫೋನ್ ಎತ್ತಿ ಕಿವಿಗೆ ಹಾಕಿಕೊಂಡ.

“ಐದು” ಎಂದ, ಮೈಕಿಗೆ ಬಾಯಿಟ್ಟು. “ರೆಕಾರ್ಡ್ ಒತ್ತು.”